ಸಂಬೂಸದ ಉಪ್ಪು

ಏಲಕ್ಕಿ ಜಾಸ್ತಿಯಾಗಿದೆ. ಅಡುಗೆಮನೆಗೆ ಕಾಲಿಡದೆ, ಇಲ್ಲೇ ಡೈನಿಂಗ್ ಟೇಬಲ್ಲಿಗೆ ಕೂತು, ಮೂಗಿನಿಂದಲೇ ಹೇಳಬಲ್ಲೆ. ಆದರೆ ಹೇಳುವುದಿಲ್ಲ. ಕಳೆದ ವರ್ಷ ಮದುವೆಯಾಗಿ ಡ್ಯಾನ್‌ವಿಲ್‌ಗೆ ಹೋದ ಮಗಳು ಸಾರಾ ಇವತ್ತು ಇಫ್ತಾರಿಗೆಂದು ಮಿಲ್ಪಿಟಾಸಿನ ನಮ್ಮ ಮನೆಗೆ ಬಂದಿದ್ದಾಳೆ. "ಅಮ್ಮಾ, ಯೂ ಜಸ್ಟ್ ಸಿಟ್. ಸಂಬೂಸ ನಾನ್ ಮಾಡ್ತೀನಿ" ಎಂದು ನನ್ನ ಕೈಯಿಂದ ಸೌಟು ಕಿತ್ತುಕೊಂಡಿದ್ದಾಳೆ. ಅವಳು ತಂದಿರುವುದು ಗ್ರೋಸರಿ ಅಂಗಡಿಯ ಫ್ರೀಜರಿನಲ್ಲಿ ಸಿಗುವ ರೆಡಿಮೇಡ್ ಹಾಳೆ. ಅದಕ್ಕೂ ನಾನು ಏನೂ ಅಂದಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಉಪವಾಸಕ್ಕಿಂತ ಕಷ್ಟ, ಅದಕ್ಕೇ ಪೆನ್ನು ಹಿಡಿದು ನಿಮ್ಮ ಹತ್ತಿರ ಮಾತಿಗೆ ಕೂತಿದ್ದೇನೆ.

ಸಂಬೂಸ ಅಂದರೆ ಸೊಮಾಲಿಯಾದವರ ಸಮೋಸ. ನಮ್ಮದರ ಹೊಟ್ಟೆಯಲ್ಲಿ ಆಲೂಗಡ್ಡೆ, ಅವರದರ ಹೊಟ್ಟೆಯಲ್ಲಿ ಖೀಮಾ, ಅಂದರೆ ಕೊಚ್ಚಿದ ಮಾಂಸ. ನಮ್ಮದರ ಮೈ ದಪ್ಪ, ಅವರದು ಕಾಗದದಷ್ಟು ತೆಳು. ರಂಜಾನಿನಲ್ಲಿ ಅವರ ಮನೆಗಳಲ್ಲಿ ಅದಿಲ್ಲದೆ ಸಂಜೆಯಾಗುವುದಿಲ್ಲ. ಬಹಳ ವರ್ಷಗಳಿಂದ ನಮ್ಮ ಮನೆಯಲ್ಲೂ ಆಗುವುದಿಲ್ಲ. ಇದರಲ್ಲಿ ಕಷ್ಟದ ಕೆಲಸ ಯಾವುದು ಎಂದರೆ ಹಾಳೆ ಲಟ್ಟಿಸುವುದು ಅನ್ನುತ್ತೀರಿ. ಅಲ್ಲವೇ ಅಲ್ಲ. ಉಪ್ಪು ನೋಡುವುದು. ರೋಜಾ ಹಿಡಿದವರು ಸೂರ್ಯ ಮುಳುಗುವ ತನಕ ಗುಟುಕು ನೀರೂ ಕುಡಿಯುವಂತಿಲ್ಲ, ಆದರೆ ಮಧ್ಯಾಹ್ನವಿಡೀ ಒಲೆಯ ಮುಂದೆ ನಿಲ್ಲಬೇಕು. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ರೋಜಾ ಕೆಡುವುದಿಲ್ಲ ಎನ್ನುವವರುಂಟು. ನಮ್ಮತ್ತೆ ಆ ಪೈಕಿ ಅಲ್ಲ. ಅವರದು ಮೂಗು, ಅಂದಾಜು, ಉಳಿದದ್ದು ದೇವರ ಮೇಲೆ ಭಾರ. ಮನೆಯಲ್ಲಿ ಅವತ್ತು ರೋಜಾ ಇಲ್ಲದ ಹೆಂಗಸು ಯಾರಾದರೂ ಇದ್ದರೆ ಮಾತ್ರ ಅವಳ ಬಾಯಿಗೆ ಒಂದು ಚಮಚ. ತಿಂಗಳ ದಿನಗಳಲ್ಲಿ ನಮಗೆ ರೋಜಾ ಇಲ್ಲ, ನಮಾಜೂ ಇಲ್ಲ. ಕಾಯಿಲೆಯವರು, ಪ್ರಯಾಣದಲ್ಲಿರುವವರು, ಬಸುರಿಯರು ರೋಜಾ ಬಿಡಬಹುದು, ನಮಾಜು ಬಿಡುವಂತಿಲ್ಲ. ಬಿಟ್ಟ ರೋಜಾಗಳನ್ನು ಹಬ್ಬ ಕಳೆದ ಮೇಲೆ ಹಿಡಿದು ಬಾಕಿ ತೀರಿಸಬೇಕು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹೇಳಹೊರಟಿರುವುದು ಇಲ್ಲಿನ ಡಾಟ್-ಕಾಮ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕತೊಡಗಿದ್ದ ಡಿಸೆಂಬರಿನ ಒಂದು ಶುಕ್ರವಾರದ ಮಾತು. ಆಗ ನಾವು ಮಿಲ್ಪಿಟಾಸಿನಲ್ಲೇ ಒಂದು ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿದ್ದೆವು. ನಾನು ಬಸುರಿ, ಅದು ಯಾರಿಗೂ ಗೊತ್ತಿಲ್ಲ. ಯಾರಿಗೂ ಅಂದರೆ ನನಗೂ ನನ್ನ ಗಂಡ ಸಲೀಮರಿಗೂ ಬಿಟ್ಟು. ಅದಕ್ಕೂ ಮೊದಲು ಎರಡು ಸಲ ನಿಂತು ಹೋಗಿತ್ತು. ಮೊದಲ ಸಲ ಅತ್ತೆ ತಮ್ಮೂರು ಕುಂದಗೋಳದಲ್ಲಿ ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಎರಡನೇ ಸಲ, ಬೇಡ ಅಂದರೂ ಕೇಳದೆ, ದರ್ಗಾಕ್ಕೆ ಚಾದರ ಹೊದಿಸಿ ನೆಂಟರಿಷ್ಟರಿಗೆಲ್ಲ ಊಟ ಹಾಕಿದ್ದರು. ಆಮೇಲೆ ಆ ಓಣಿ, ಆ ನೆಂಟರು ಎಲ್ಲರೂ ಫೋನು ಮಾಡಿ ನನ್ನನ್ನು ಸಮಾಧಾನ ಮಾಡಿದರು. ಮಗು ಕಳೆದುಕೊಂಡ ದುಃಖ ಒಂದು ಕಡೆ, ಆ "ಪಾಪ, ಪಾಪ" ಕೇಳುವ ಶಿಕ್ಷೆ ಇನ್ನೊಂದು ಕಡೆ. ಈ ಸಲ ಉಳಿಯುತ್ತದೆ ಅಂತ ಗಟ್ಟಿಯಾಗುವ ತನಕ ಯಾರಿಗೂ ಉಸಿರೆತ್ತಬಾರದು ಎಂದು ನಾವಿಬ್ಬರೂ ಆಣೆ ಇಟ್ಟುಕೊಂಡಿದ್ದೆವು. ಸರಿಯಾಗಿ ಅದೇ ಹೊತ್ತಿಗೆ ಅತ್ತೆ, ಮಕ್ಕಳ ಜೊತೆ ಒಂದು ರಂಜಾನು ಕಳೆಯಬೇಕೆಂದು ವಿಮಾನ ಹತ್ತಿ ಬಂದಿಳಿದರು.

ಡಾಕ್ಟರು ಹಸಿದಿರಬೇಡ ಅಂದಿದ್ದರು. ಅತ್ತೆ ಬೆಳಗಿನ ಜಾವ ಸಹರಿಗೆ ಎಬ್ಬಿಸಿ ಎದುರಿಗೆ ಕೂರಿಸಿಕೊಂಡು ಉಣಿಸುತ್ತಿದ್ದರು. ಹೀಗಾಗಿ ನಾನು ರೋಜಾ ಹಿಡಿದವಳಂತೆ ಮುಖ ಬಾಡಿಸಿಕೊಂಡು ಓಡಾಡುವುದು, ಬಟ್ಟೆ ಒಗೆಯುವ ನೆಪದಲ್ಲಿ ಕೆಳಗಿನ ಲಾಂಡ್ರಿ ರೂಮಿಗೆ ಹೋಗಿ ಬಾಳೆಹಣ್ಣು ನುಂಗುವುದು. ಆ ತಿಂಗಳಿನಷ್ಟು ಶುಭ್ರವಾಗಿ ನಮ್ಮ ಮನೆಯ ಬಟ್ಟೆಗಳು ಇನ್ಯಾವಾಗಲೂ ಇರಲಿಲ್ಲ. ಒಂದು ದಿನ ನನ್ನ ಬಾಯಲ್ಲಿ ಅರ್ಧ ಹಣ್ಣಿರುವಾಗ ಬಾಗಿಲು ತೆರೆದುಕೊಂಡು ಹಲೀಮೋ ಒಳಗೆ ಬಂದಳು. ಹಲೀಮೋ ನಮ್ಮ ಕೆಳಗಿನ ಮನೆಯವಳು, ಸೊಮಾಲಿಯಾದವಳು, ಎತ್ತರದ ಆಳು, ಮಾತಾಡಿದರೆ ಮೂರು ಮನೆಗೆ ಕೇಳುವ ಗಂಟಲು. ಅವತ್ತು ಒಂದು ಮಾತೂ ಆಡದೆ ತನ್ನ ಬಟ್ಟೆ ಎತ್ತಿಕೊಂಡು ಹೋದಳು. ಮಾರನೇ ದಿನ ನಾನು ಹೋದಾಗ ಡ್ರೈಯರಿನ ಮೇಲೆ ಒಂದು ಬಾಳೆಹಣ್ಣು, ಒಂದು ಮುಷ್ಟಿ ಖರ್ಜೂರ ಇದ್ದವು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವಳೇ ಒಂದು ಸಂಜೆ ತಟ್ಟೆ ತುಂಬ ಸಂಬೂಸ ಕಳಿಸಿದ್ದು. ಅತ್ತೆ ಒಂದನ್ನು ಮುರಿದು, ತಿರುವಿ ಮುರುವಿ ನೋಡಿ, "ಸಮೋಸಾನೇ ಇದು. ನಾವೇನ್ ಕಂಡಿಲ್ಲೇನು?" ಅಂದರು. ಆಮೇಲೆ ಸದ್ದಿಲ್ಲದೆ ತಟ್ಟೆ ಖಾಲಿ ಮಾಡಿದರು. "ಆ ಹೆಣ್ಮಗಳನ್ನ ಕರಿ. ಶುಕ್ರವಾರ ನಾಕ್ ಮಂದೀನ್ನ ಇಫ್ತಾರಿಗೆ ಕರ್ಯೂಣು. ಆಕಿ ತೋರಸ್ಲಿ, ನಾ ಮಾಡ್ತೀನಿ" ಎಂದು ಅಪ್ಪಣೆಯಾಯಿತು.

ಆ ಶುಕ್ರವಾರ ಬೆಳಿಗ್ಗೆ ಖೀಮಾ ತರುತ್ತೇನೆಂದು ಹೇಳಿ ಸಲೀಮರ ಜೊತೆ ಹೊರಟವಳು ಮೊದಲು ಹೋಗಿದ್ದು ಕ್ಲಿನಿಕ್ಕಿಗೆ. ಆ ವಾರದ ಮೊದಲ ರಕ್ತಪರೀಕ್ಷೆಯಲ್ಲಿ ಬಸಿರಿನ ನಂಬರು ಕಡಿಮೆ ಬಂದಿತ್ತು. ಎರಡನೆಯದರಲ್ಲಿ ಅದು ಏರಿದ್ದರೆ ಮಗು ಬೆಳೆಯುತ್ತಿದೆ ಎಂದರ್ಥ. ಏರದಿದ್ದರೆ ಮೂರನೆಯದೂ ಹೋದಂತೆ. "ಸಂಜೆ ಐದರೊಳಗೆ ಮನೆಗೆ ಫೋನು ಮಾಡುತ್ತೇವೆ. ಐದಾದರೆ ಇನ್ನು ಸೋಮವಾರವೇ" ಅಂದಳು ನರ್ಸು. ರಕ್ತ ತೆಗೆದ ಜಾಗಕ್ಕೆ ಹತ್ತಿ ಇಟ್ಟು ಪಟ್ಟಿ ಅಂಟಿಸಿ ಕಳಿಸಿದಳು. ಸಲೀಮ್ ನನ್ನನ್ನು ಮನೆಗೆ ಬಿಟ್ಟು ಆಫೀಸಿಗೆ ಹೋದರು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದೂ ಐದಕ್ಕೆ ಹತ್ತಿರವೇ. ಅಂದರೆ ಅಡುಗೆಗೂ ನನಗೂ ಒಂದೇ ಗಡುವು.

ಮಧ್ಯಾಹ್ನ ಅತ್ತೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ನಮಾಜು ಮಾಡಿದೆ. ನಮಾಜಿನ ಕೊನೆಗೆ ಕೈಯೆತ್ತಿ ಬೇಡುವ ದುವಾ ಅತ್ತೆಯದು ಉದ್ದ. ಅವತ್ತು ನನ್ನದು ಇನ್ನೂ ಉದ್ದವಾಯಿತು. ಎದ್ದಾಗ ಅವರು ಮೆಚ್ಚುಗೆಯಿಂದ ನನ್ನ ತಲೆ ಸವರಿದರು, ನನಗೆ ಒಳಗೇ ಚುರುಕ್ ಎಂದಿತು.

ಹಲೀಮೋ ತನ್ನ ಮಸಾಲೆ ಡಬ್ಬಿಯ ಸಮೇತ ಮೇಲೆ ಬಂದಳು. ಹಿಟ್ಟು ಕಲಸುವ ಕೆಲಸ ನನ್ನ ಪಾಲಿಗೆ.

"ತೋಳ ಏರಿಸ್ಕೊಳ್ಳವಾ. ಹಿಟ್ಟ ಹತ್ತತೈತಿ ನೋಡಲ್ಲೆ" ಅಂದರು ಅತ್ತೆ.

"ಇರ್ಲಿ ಅಮ್ಮಾ, ಚಳಿ."

"ಒಲಿ ಮುಂದ ನಿಂತು ಎಂಥಾ ಚಳಿ?"

ತೋಳು ಏರಿಸಿದರೆ ಪಟ್ಟಿ ಕಾಣುತ್ತದೆ. ಅತ್ತೆ ಗೊಣಗುತ್ತಲೇ ಇದ್ದರು, ನಾನು ಮುಂಗೈ ತನಕ ಮೈದಾ ಮೆತ್ತಿಕೊಂಡು ಕಲಸುತ್ತಲೇ ಇದ್ದೆ.

ಹಾಳೆಯ ಕೆಲಸ ನೋಡಲು ಚಂದ. ಪೂರಿಯಷ್ಟಗಲದ ಹಾಳೆಗಳನ್ನು ನಡುನಡುವೆ ಎಣ್ಣೆ ಸವರಿ, ಹಿಟ್ಟು ಉದುರಿಸಿ, ಒಂದರ ಮೇಲೊಂದು ಪೇರಿಸುವುದು. ಎಲ್ಲವನ್ನೂ ಒಟ್ಟಿಗೇ ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಹಾಕುವುದು. ಬಿಸಿ ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ತೆಗೆದು, ಸುಡುಸುಡು ಇರುವಾಗಲೇ ಪದರ ಪದರ ಬಿಡಿಸಿ ಒದ್ದೆ ಬಟ್ಟೆಯ ಅಡಿ ಇಡುವುದು. ಅತ್ತೆ ಜೀವಮಾನವಿಡೀ ಚಪಾತಿ ಬೇಯಿಸಿದ ಕೈ. ಕೆಂಪು ಚುಕ್ಕೆ ಏಳುವ ತನಕ ಅದು ತೆಗೆಯಲೊಲ್ಲದು. "ನೋ, ನೋ, ಮಮ್ಮಾ! ರೊಟ್ಟಿ! ರೊಟ್ಟಿ ಆಯಿತು!" ಎಂದು ಹಲೀಮೋ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದಳು. "ಹಸೀದು ತಿಂದ್ರ ಹೊಟ್ಟಿ ನೋಯ್ತೈತಿ, ಹೇಳ ಆಕಿಗೆ" ಎಂದು ಅತ್ತೆ ಕನ್ನಡದಲ್ಲಿ ರೇಗುತ್ತಿದ್ದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ನನ್ನ ಕಿವಿಯೆಲ್ಲ ಹಾಲ್‌ನಲ್ಲಿದ್ದ ಫೋನಿನ ಮೇಲೆ.

ಆ ಫೋನು ಹೊಡೆದುಕೊಳ್ಳುವಂತೆಯೇ ಇರಲಿಲ್ಲ. ನನ್ನ ಮೈದುನ ಇಮ್ತಿಯಾಜನ ಕಂಪನಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮುಚ್ಚಿಹೋಗಿತ್ತು. ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ ಎಂಬ ಗಾಬರಿಯಲ್ಲಿ ಅವನು ನಮ್ಮ ಮನೆಯ ಮೂಲೆಯ ಕಂಪ್ಯೂಟರಿನ ಮುಂದೆ ಬೆಳಗಿನಿಂದ ರಾತ್ರಿಯ ತನಕ ರೆಜ್ಯುಮೆ ಕಳಿಸುತ್ತಿದ್ದ. ಆಗ ಇಂಟರ್ನೆಟ್ಟು ಬರುತ್ತಿದ್ದುದು ಫೋನಿನ ತಂತಿಯಲ್ಲೇ. ಮೋಡೆಮ್ಮು ಒಮ್ಮೆ ಕಿರ್ರ್ ಕೊರ್ರ್ ಎಂದು ಹತ್ತಿತೆಂದರೆ ಹೊರಗಿನವರು ಯಾರೇ ಫೋನು ಮಾಡಿದರೂ ಎಂಗೇಜು.

"ಇಮ್ತಿಯಾಜ್, ಸ್ವಲ್ಪ ಲೈನ್ ಬಿಡ್ತೀಯಾ?" ಎಂದು ಹಿಟ್ಟಿನ ಕೈಯಲ್ಲೇ ಹೋಗಿ ಕೇಳಿದೆ.

"ಎರಡ ನಿಮಿಷ ಭಾಭೀ. ಒಂದ್ ಅಪ್ಲಿಕೇಶನ್ ಹೊಂಟೈತಿ."

ಅವನ ಎರಡು ನಿಮಿಷ ಮುಗಿಯಲಿಲ್ಲ. ಮತ್ತೆ ಕೇಳಿದೆ. "ಯಾರ್ದರ ಫೋನ್ ಬರೂದೈತೇನ್ ಭಾಭೀ?" ಅಂದ. ಯಾರದೆಂದು ಹೇಳಲಿ? "ಹಾಗೇನಿಲ್ಲ" ಎಂದು ವಾಪಸು ಬಂದೆ. ಹಲೀಮೋಳ ಮನೆಯಿಂದಾದರೂ ಕ್ಲಿನಿಕ್ಕಿಗೆ ಫೋನು ಮಾಡೋಣವೆಂದು ಚಪ್ಪಲಿ ಮೆಟ್ಟಿದರೆ, "ಎಲ್ಲಿ ಹೊಂಟಿ? ಖೀಮಾ ತಳ ಹಿಡೀತೈತಿ" ಎಂದು ಅತ್ತೆ ಸೌಟು ಕೈಗಿಟ್ಟರು. ಕಿಟಕಿಯ ಆಚೆ ಪಾರ್ಕಿಂಗ್ ಲಾಟಿನ ಬಿಸಿಲು ಕಾರುಗಳ ನೆತ್ತಿಗೆ ಏರಿತ್ತು. ಮೈಕ್ರೊವೇವಿನ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಈಗ ಅವರು ಫೋನು ಮಾಡುತ್ತಿರಬಹುದು, ಎಂಗೇಜು ಬಂದು ನನ್ನ ಫೈಲನ್ನು ಪಕ್ಕಕ್ಕಿಟ್ಟು ಮನೆಗೆ ಹೊರಡುತ್ತಿರಬಹುದು. ಸೋಮವಾರದ ತನಕ ನಾನು ಬದುಕಿರುವುದು ಹೇಗೆ?

ಆಗಲೇ ಅದು ಆದದ್ದು. ಖೀಮಾ ಒಣಗುತ್ತ ಬಂದಿತ್ತು. ಈರುಳ್ಳಿ, ಜೀರಿಗೆ, ಏಲಕ್ಕಿ, ಹಸಿಮೆಣಸು, ಕೊತ್ತಂಬರಿ, ಎಲ್ಲ ಬಿದ್ದು ಘಮ್ಮೆನ್ನುತ್ತಿತ್ತು. ಲಾಂಡ್ರಿ ರೂಮಿಗೆ ಹೋಗಲು ಅವತ್ತು ಬಿಡುವೇ ಸಿಕ್ಕಿರಲಿಲ್ಲ. ಕಿವಿ ಫೋನಿನ ಕಡೆ, ಕಣ್ಣು ಗಡಿಯಾರದ ಕಡೆ, ಕೈ ಮಾತ್ರ ತನ್ನ ಪಾಡಿಗೆ ತಾನು ಒಂದು ಚಮಚ ತೆಗೆದು ಊದಿ ಬಾಯಿಗಿಟ್ಟಿತು. ಅಗಿದೆ, ನುಂಗಿದೆ. ಎರಡನೇ ಚಮಚವನ್ನೂ ನುಂಗಿದೆ. ಅಷ್ಟಾದರೂ ಸುಮ್ಮನಿರಬಾರದೇ?

"ಉಪ್ಪು ಸ್ವಲ್ಪ ಕಮ್ಮಿ" ಅಂದೆ, ಗಟ್ಟಿಯಾಗಿ.

ಹಲೀಮೋಳ ಕೈಯಿಂದ ಪಾತ್ರೆಯ ಮುಚ್ಚಳ ಸಿಂಕಿಗೆ ಬಿತ್ತು. ಬಿತ್ತೋ, ಬೀಳಿಸಿದಳೋ, ನನಗೆ ಇವತ್ತಿಗೂ ಅನುಮಾನ. ಆದರೆ ಅತ್ತೆ ಆ ಸದ್ದಿನ ಕಡೆ ತಿರುಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನುಂಗಿದಿ?"

"ಹ್ಞೂಂ" ಅಂದೆ.

ಅವರ ಕಣ್ಣು ಚಮಚದಿಂದ ನನ್ನ ಮುಖಕ್ಕೆ ಬಂತು. ಅಲ್ಲಿಂದ ಹಿಟ್ಟು ಮೆತ್ತಿದ ನನ್ನ ತೋಳಿಗೆ. ಅಲ್ಲಿಂದ ಹಾಲ್‌ನ ಮೂಲೆಯಲ್ಲಿ ಮಡಿಸಿಟ್ಟಿದ್ದ ನಮಾಜಿನ ಚಾಪೆಗೆ. ಅವರು ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ತಿಂಗಳ ದಿನವಾಗಿದ್ದರೆ ಇವಳಿಗೆ ರೋಜಾ ಇಲ್ಲ, ಸರಿ; ಆದರೆ ನಮಾಜೂ ಇರುವಂತಿಲ್ಲ. ಮಧ್ಯಾಹ್ನ ನನ್ನ ಪಕ್ಕದಲ್ಲೇ ನಿಂತು ನಮಾಜು ಮಾಡಿದಳು. ನಮಾಜು ಉಂಟು, ರೋಜಾ ಇಲ್ಲ. ಕಾಯಿಲೆ ಬಿದ್ದವಳಲ್ಲ, ದಾರಿ ಪ್ರಯಾಣ ಹೊರಟವಳಲ್ಲ. ಹಾಗಾದರೆ ಉಳಿಯುವುದು ಒಂದೇ. ಇನ್ನು ಕೂಗುತ್ತಾರೆ, ಇಮ್ತಿಯಾಜನಿಗೆ ಹೇಳುತ್ತಾರೆ, ರಾತ್ರಿಯೇ ಕುಂದಗೋಳಕ್ಕೆ ಫೋನು ಹೋಗುತ್ತದೆ, ಸೋಮವಾರ ನಾನು ಮತ್ತೆ ಎಲ್ಲರ ಬಾಯಲ್ಲಿ ಪಾಪ ಆಗುತ್ತೇನೆ ಎಂದುಕೊಂಡೆ.

ಅತ್ತೆ ಉಪ್ಪಿನ ಡಬ್ಬಿ ತೆಗೆದು ಒಂದು ಚಿಟಿಕೆ ಖೀಮಾಕ್ಕೆ ಹಾಕಿ ಕೈಯಾಡಿಸಿದರು. ಚಮಚ ತುಂಬಿ ನನ್ನ ಬಾಯಿಯ ಹತ್ತಿರ ಹಿಡಿದರು.

"ಈಗ ನೋಡು."

ತಿಂದೆ. ಕಣ್ಣಲ್ಲಿ ನೀರು ಬಂತು. "ಸರಿ ಇದೆ ಅಮ್ಮಾ."

"ಡಾಕ್ಟರ್ ಏನಂದ್ರು?" ಪಿಸುಮಾತು.

"ಫೋನ್ ಮಾಡ್ತಾರೆ. ಐದರೊಳಗೆ. ಲೈನು..." ಎಂದು ಹಾಲ್‌ನ ಕಡೆ ನೋಡಿದೆ.

ಇಮ್ತಿಯಾಜ್ ಅತ್ತೆಯ ಕಿರಿಮಗ. ಅವನು ಕೆಮ್ಮಿದರೆ ಇವರಿಗೆ ಜ್ವರ. ಅಂಥವರು ಸೆರಗಿಗೆ ಕೈಯೊರೆಸಿಕೊಳ್ಳುತ್ತ ಹೋಗಿ ಅವನ ಹಿಂದೆ ನಿಂತರು.

"ಇಮ್ತೂ, ಬಂದ್ ಮಾಡದನ್ನ."

"ಅಮ್ಮಾ, ಅರ್ಧ ಹೋಗೈತಿ, ಇನ್ನೊಂದ್ ಚೂರು..."

ಅತ್ತೆ ಬಗ್ಗಿ ಗೋಡೆಯಿಂದ ತಂತಿಯನ್ನೇ ಕಿತ್ತರು. ಯಾವ ತಂತಿ ಯಾವುದೆಂದು ಅವರಿಗೇನು ಗೊತ್ತು? ಎರಡನ್ನೂ ಕಿತ್ತಿದ್ದರು, ಫೋನಿನದನ್ನೂ. "ಅಮ್ಮಾ, ತಲಿ ಕೆಟ್ಟೈತೇನ್ ನಿನಗ!" ಎಂದು ಅವನು ಹಾರಿಬಿದ್ದ. "ಇಫ್ತಾರಿನ ಹೊತ್ನ್ಯಾಗ ನಾಕ್ ಮಂದಿ ಫೋನ್ ಮಾಡ್ತಾರ. ಫೋನಿಂದಷ್ಟ ಹಚ್ಚು" ಅಂದರು. ಅವನು ಬೈದುಕೊಳ್ಳುತ್ತ ಹಚ್ಚಿದ. ಅತ್ತೆ ಅಡುಗೆಮನೆಗೆ ಬಂದು ಹಾಳೆ ಕತ್ತರಿಸಲು ನಿಂತರು.

ಹಲೀಮೋ ಹಾಳೆಯನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತುವಳು, ಅತ್ತೆ ಖೀಮಾ ತುಂಬುವರು, ನಾನು ಮೈದಾದ ಅಂಟು ಸವರಿ ಬಾಯಿ ಮುಚ್ಚುವೆ. ಮೂಲೆಯಲ್ಲಿ ತೂತು ಉಳಿದರೆ ಎಣ್ಣೆ ನುಗ್ಗುತ್ತದೆ ಎಂದು ಹಲೀಮೋ ಹೇಳಿಕೊಟ್ಟಿದ್ದಳು. ನನ್ನ ಕಣ್ಣು ಗಡಿಯಾರದ ಮೇಲೆ, ನಾನು ಮುಚ್ಚಿದ ಪ್ರತಿಯೊಂದರಲ್ಲೂ ತೂತು. ಅತ್ತೆ ನಾನು ಮುಚ್ಚಿದ್ದನ್ನೆಲ್ಲ ಇನ್ನೊಮ್ಮೆ ಒತ್ತಿ ಮುಚ್ಚಿದರು. ಎಣ್ಣೆ ಕಾಯಿತು. ಬಿಸಿಲು ಕಾರುಗಳ ನೆತ್ತಿಯಿಂದಲೂ ಇಳಿದುಹೋಯಿತು. ಮೊದಲ ಸಂಬೂಸ ಎಣ್ಣೆಗೆ ಬಿದ್ದು ಚುರ್ರೆನ್ನುವಾಗ ಫೋನು ಹೊಡೆದುಕೊಂಡಿತು.

ಎತ್ತಿದವನು ಇಮ್ತಿಯಾಜ್. "ಭಾಭೀ, ಯಾವ್ದೋ ಕ್ಲಿನಿಕ್ಕು ಅಂತಾರ. ಯಾರಿಗೇನಾತು?"

ಉತ್ತರ ಬಂದದ್ದು ನನ್ನ ಹಿಂದಿನಿಂದ.

"ನಂದದು. ಬಿಪಿ ರಿಪೋರ್ಟು. ನನಗ ಇಂಗ್ಲಿಷ್ ಬರಂಗಿಲ್ಲಲ್ಲ, ಆಕಿ ಕೇಳ್ತಾಳ, ಕೊಡಾಕಿಗೆ."

ರೋಜಾ ಹಿಡಿದ ಬಾಯಲ್ಲಿ ಸುಳ್ಳು ಬಂದರೆ ಹಸಿದದ್ದೆಲ್ಲ ನೀರಿಗೆ ಹೋಯಿತು ಎನ್ನುವ ಹೆಂಗಸು ನಮ್ಮತ್ತೆ. ನೆರೆಮನೆಯವರು ಸಕ್ಕರೆ ಕೇಳಿದಾಗ ಇದ್ದೂ ಇಲ್ಲ ಅಂದದ್ದಕ್ಕೆ ನನ್ನನ್ನು ಅರ್ಧ ದಿನ ಬೈದವರು.

ನರ್ಸು ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಕಾಗದ ಹುಡುಕಿದಳು. ಆ ಕಾಗದದ ಸದ್ದು ಕೇಳುತ್ತ ನಾನು ಗೋಡೆಗೆ ಒರಗಿ ನಿಂತಿದ್ದೆ. ಆಮೇಲೆ ಹೇಳಿದಳು. ನಂಬರು ಏರಿದೆ, ದುಪ್ಪಟ್ಟಿಗಿಂತ ಜಾಸ್ತಿ ಏರಿದೆ, ಡಾಕ್ಟರು ಬಹಳ ಖುಷಿಯಾಗಿದ್ದಾರೆ. "ಯೆಸ್" ಅಂದೆ, "ಥ್ಯಾಂಕ್ಯೂ" ಅಂದೆ, ಫೋನಿಟ್ಟೆ. ಅತ್ತೆ ಜಾಲರಿ ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ಆಡಿಸಿದೆ. ಅವರು ಒಲೆಯ ಕಡೆ ತಿರುಗಿ ನಿಂತರು, ಬೆನ್ನು ಅಲುಗುತ್ತಿತ್ತು. ಎಣ್ಣೆಯ ಹೊಗೆಗೆ ಸ್ಮೋಕ್ ಅಲಾರಮ್ಮು ಅರಚಿಕೊಂಡಿತು. ಹಲೀಮೋ ಅದರ ಕೆಳಗೆ ನಿಂತು ಟವೆಲ್ಲು ಬೀಸುತ್ತ ತನ್ನ ಭಾಷೆಯಲ್ಲಿ ದೇವರಿಗೆ ಏನೋ ಕೂಗಿ ಹೇಳುತ್ತಿದ್ದಳು. ಆ ಗಲಾಟೆಯಲ್ಲಿ ನಾನು ಅತ್ತದ್ದು ಯಾರಿಗೂ ಕೇಳಲಿಲ್ಲ.

ಅತ್ತೆ ಆ ವಿಷಯ ಮತ್ತೆ ಎತ್ತಲಿಲ್ಲ. ಭಾನುವಾರ ಕುಂದಗೋಳಕ್ಕೆ ಫೋನು ಮಾಡಿದಾಗ ಅತ್ತಲಿಂದ, "ಏನಾರ ಸುದ್ದಿ ಐತೇನು?" ಎಂದು ಕೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಭಾಳ ಥಂಡಿ ಐತಿ ಇಲ್ಲೆ" ಅಂದರು ಅತ್ತೆ. ಓಣಿಗೆಲ್ಲ ಸಕ್ಕರೆ ಹಂಚಿದ ಹೆಂಗಸು ಹೊಟ್ಟೆಯೊಳಗೆ ಅಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು ಥಂಡಿಯ ಮಾತಾಡಿದರು.

ಹಬ್ಬವಾಯಿತು. ಅದಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಚಹಾ ತಂದಿಟ್ಟರೆ ಬೇಡ ಅಂದರು. "ಯಾಕಮ್ಮಾ, ಹುಷಾರಿಲ್ವಾ?" ಎಂದೆ.

"ರೋಜಾ ಐತಿ. ಒಂದ್ ಬಾಕಿ ಇತ್ತು."

ಅವರ ವಯಸ್ಸಿನ ಹೆಂಗಸಿಗೆ ಬಾಕಿ ಉಳಿಯುವ ಕಾರಣವೇ ಇಲ್ಲ. ನನಗೆ ಹೊಳೆಯಲಿಲ್ಲ. "ನಿಮಗೆಂಥಾ ಬಾಕಿ?" ಎಂದು ಕೇಳಿಯೂ ಬಿಟ್ಟೆ. ಅತ್ತೆ ಬಾಗಿಲ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ನನಗೆಲ್ಲಿ ಬಿಪಿ ಐತಿ?" ಅಂದರು.

ಮಳೆಯಿಲ್ಲದ ಇಲ್ಲಿನ ಬಿಸಿಲಿನ ಆಗಸ್ಟಿನಲ್ಲಿ ಸಾರಾ ಹುಟ್ಟಿದಳು. ಹಲೀಮೋ ಮಿನಿಯಾಪೊಲಿಸಿಗೆ ಹೋದಳು. ಅತ್ತೆ ತೀರಿಹೋಗಿ ಆರು ರಂಜಾನು ಕಳೆಯಿತು. ಸಾರಾಗೆ ಇದ್ಯಾವುದನ್ನೂ ನಾನು ಹೇಳಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೇ ಇಷ್ಟು ಬರೆದೆ.

ಬರೆದು ತಲೆ ಎತ್ತಿದರೆ ಕೌಂಟರಿನ ಆಚೆ ಅವಳು ಖೀಮಾದಿಂದ ಒಂದು ಚಮಚ ತೆಗೆದು ಊದುತ್ತಿದ್ದಾಳೆ. ಬಾಯಿಗಿಟ್ಟಳು. ಅಗಿದಳು. ಎಲ್ಲೋ ನೋಡುತ್ತ, ಏನೋ ಯೋಚಿಸುತ್ತ, ಗಂಟಲು ಅಲುಗಿತು. ಇನ್ನೊಂದು ಚಮಚ. ನನ್ನ ಪೆನ್ನು ನಿಂತಿತು. ಮಧ್ಯಾಹ್ನ ನನ್ನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ನಮಾಜು ಮಾಡಿದ್ದಾಳೆ. ಅವಳ ದುವಾ ನನ್ನದಕ್ಕಿಂತ ಉದ್ದವಿತ್ತು, ತಲೆ ಸವರಿದ್ದೆ.

ಗರಾಜಿನಿಂದ ಒಳಗೆ ಬಂದ ಸಲೀಮ್ ಅಲ್ಲೇ ನಿಂತು, "ಏನಮ್ಮಾ ಸಾರಾ, ಬಾಯಾಗ ಏನೋ ಐತಲ್ಲ?" ಅಂದರು. ಮಗಳ ಮುಖ ಬಿಳಚಿಕೊಂಡಿತು.

"ಉಪ್ಪು ನೋಡು ಅಂತ ನಾನೇ ಅಂದೆ" ಎಂದೆ ಕೂತಲ್ಲಿಂದಲೇ. "ಉಗುಳಿದಳು. ನಾನೇ ನೋಡಿದೆ."

ಅವರು ಸ್ನಾನಕ್ಕೆ ಹೋದರು. ಸಾರಾ ನನ್ನ ಕಡೆ ನೋಡಿದಳು, ನಾನು ಕಾಗದದ ಕಡೆ ನೋಡಿದೆ. ಇರಬಹುದು, ಇಲ್ಲದಿರಬಹುದು. ಕೇಳುವುದಿಲ್ಲ. ನೀವೂ ಯಾರಿಗೂ ಹೇಳಬೇಡಿ.

"ಉಪ್ಪು ಹೆಂಗಿದೆ?" ಎಂದೆ ತಲೆ ಎತ್ತದೆ.

"ಸ್ವಲ್ಪ ಕಮ್ಮಿ, ಅಮ್ಮಾ."

ಎದ್ದು ಹೋಗಿ ಒಂದು ಚಿಟಿಕೆ ಹಾಕಿ ಚಮಚ ಅವಳ ಕೈಗೆ ಕೊಟ್ಟು ಬಂದಿದ್ದೇನೆ. ಹಬ್ಬ ಮುಗಿಯಲಿ. ನನ್ನದೂ ಒಂದು ಬಾಕಿ ಇದೆ.